ಸೆಮಿ-ಕಸ್ಟಮ್ ಪಿಸ್ತೂಲಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಅಮೆರಿಕದಲ್ಲಿದ್ದುಕೊಂಡು ರೇಂಜಿಗೆ ಹೋಗಿ ಗುರಿ ಹೊಡೆಯುವ ಹವ್ಯಾಸವಿರುವ ಕನ್ನಡದವರು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರಲ್ಲಿ ಯಾರಾದರೂ ಸೆಮಿ-ಕಸ್ಟಮ್ 1911 ಕೊಳ್ಳುವ ಯೋಚನೆಯಲ್ಲಿದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೆರಿಗೆ ಸೇರಿ ಮೂರು ಸಾವಿರ ಡಾಲರ್ ದಾಟಿದ ನನ್ನ ಪಿಸ್ತೂಲಿನಲ್ಲಿ ಟ್ರಿಗರ್ ಮುಟ್ಟದೆಯೇ ಹ್ಯಾಮರ್, ಅಂದರೆ ಬಿದ್ದು ಗುಂಡು ಸಿಡಿಸುವ ಸುತ್ತಿಗೆ, ತಾನಾಗಿ ಬೀಳತೊಡಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗುವ ಸಾಧ್ಯತೆ ಪೂರ್ತಿ ಇತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. 1911 ಎಂದರೆ ಜಾನ್ ಬ್ರೌನಿಂಗ್ ರೂಪಿಸಿದ .45 ಕ್ಯಾಲಿಬರ್ ಪಿಸ್ತೂಲು. ಅಮೆರಿಕದ ಸೇನೆ ಅದನ್ನು 1911ರಲ್ಲಿ ಒಪ್ಪಿಕೊಂಡಿತು, 1985ರಲ್ಲಿ ಅದರ ಜಾಗಕ್ಕೆ ಬೆರೆಟ್ಟಾ ತಂದಿತು. ವಿನ್ಯಾಸ ಹಳೆಯದು, ಬಿಡಿಭಾಗಗಳನ್ನು ಒಂದಕ್ಕೊಂದು ಉಜ್ಜಿ ಕೂರಿಸುವವರ ಕೈಚಳಕವನ್ನು ನಂಬಿಕೊಂಡಿರುವಂಥದ್ದು. ಫ್ಯಾಕ್ಟರಿ ಪಿಸ್ತೂಲಿನಲ್ಲಿ ಯಂತ್ರದಿಂದ ಬಂದ ಭಾಗಗಳನ್ನು ಹೆಚ್ಚು ಕೈಕೆಲಸವಿಲ್ಲದೆ ಜೋಡಿಸುತ್ತಾರೆ. ಪೂರ್ತಿ ಕಸ್ಟಮ್ ಆದರೆ ಗನ್‌ಸ್ಮಿತ್ ನಿಮಗೆಂದೇ ಮೊದಲಿನಿಂದ ಕಟ್ಟುತ್ತಾನೆ. ಸೆಮಿ-ಕಸ್ಟಮ್ ಇವೆರಡರ ನಡುವಿನದು: ಮಾಡೆಲ್ ಅವರದು, ಆಯ್ಕೆಗಳು ನಿಮ್ಮವು, ಜೋಡಣೆ ಕೈಯಿಂದ ಮಾಡಿದ್ದು ಎಂಬ ಭರವಸೆ ಅವರದು.

ಅಂಗಡಿಯಲ್ಲಿ ನನಗೆ ತೋರಿಸಿದ್ದೆಲ್ಲ ಕಣ್ಣಿಗೆ ಕಾಣುವಂಥದ್ದು. ಹಿಡಿಯ ಮುಂಭಾಗದಲ್ಲಿ ಕೈ ಜಾರದಂತೆ ಇಂಚಿಗೆ 25 ಗೆರೆ ಕೊರೆದ ಚೆಕರಿಂಗ್, ಕಡುಗಪ್ಪು ಫಿನಿಶ್, ರಾತ್ರಿ ಹೊಳೆಯುವ ಸೈಟ್, ಅದರಿಂದಲೇ ಗುರಿ ಹೊಡೆದು ನೋಡಿದ ಕಾಗದದ ಚೂರು. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡನ್ನು ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟೂ ಸಡಿಲವಿಲ್ಲ. ಟ್ರಿಗರ್ ಮೂರೂವರೆ ಪೌಂಡಿನ ಎಳೆತಕ್ಕೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಇದರಲ್ಲಿ ಬಹುಪಾಲು ಇವತ್ತು ಸಾವಿರ ಡಾಲರಿನ ಪಿಸ್ತೂಲಿನಲ್ಲೂ ಸಿಗುತ್ತದೆ. ಮೇಲಿನ ಎರಡು ಸಾವಿರ ನಾವು ಕೊಡುವುದು ಕಾಣದ ಕೆಲಸಕ್ಕೆ: ಬ್ಯಾರೆಲ್ಲಿನ ಲಗ್ಗುಗಳು, ಅಂದರೆ ಹಲ್ಲುಗಳು, ಸ್ಲೈಡಿನಲ್ಲಿ ಸರಿಯಾಗಿ ಕೂರುವುದು, ಹೊಡೆದ ಗುಂಡಿನ ಖಾಲಿ ಕೋಶವನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಬಿಗಿ, ಎಲ್ಲಕ್ಕಿಂತ ಮುಖ್ಯವಾಗಿ ಹ್ಯಾಮರ್ ಮತ್ತು ಸಿಯರ್ ಒಂದನ್ನೊಂದು ಹಿಡಿಯುವ ಬಗೆ. ಸಿಯರ್ ಎಂದರೆ ಎತ್ತಿದ ಹ್ಯಾಮರಿನ ಕೊಕ್ಕೆಯನ್ನು ತಡೆದು ನಿಲ್ಲಿಸುವ ಪುಟ್ಟ ಉಕ್ಕಿನ ತುಂಡು. ಆ ಹಿಡಿತದ ಆಳ ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟರಲ್ಲೇ ಎಲ್ಲವೂ ನಿಂತಿದೆ.

ಮೊದಲು ಕಂಡ ತೊಂದರೆ ಚಿಕ್ಕದು. ಗುಂಡು ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಅರ್ಧ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಅಂಗಡಿಯವರು ಬ್ರೇಕ್-ಇನ್ ಆಗಲಿ ಎಂದರು. ಈ ಮಾತಿನಲ್ಲಿ ಸುಳ್ಳಿಲ್ಲ. ಬಿಗಿಯಾಗಿ ಕಟ್ಟಿದ ಪಿಸ್ತೂಲು ಪಳಗುವುದಕ್ಕೆ 500 ಗುಂಡು ಹೊಡೆಯಿರಿ ಎಂದು ಹೇಳುವ ಒಳ್ಳೆಯ ತಯಾರಕರೂ ಇದ್ದಾರೆ. ಆದರೆ ಬ್ರೇಕ್-ಇನ್ ಎಂಬ ಒಂದೇ ಮಾತಿನಲ್ಲಿ ಎಲ್ಲ ದೋಷವನ್ನೂ ಮುಚ್ಚಿಹಾಕಬಹುದು ಎನ್ನುವುದು ನನಗೆ ಆಮೇಲೆ ಅರ್ಥವಾಯಿತು. ಗುಂಡು ಸಿಕ್ಕಿಕೊಳ್ಳುವುದು ಪಳಗಿದರೆ ಹೋಗಬಹುದು. ಹ್ಯಾಮರ್ ನಿಲ್ಲದಿರುವುದು ಹೋಗುವುದಿಲ್ಲ, ದಿನೇ ದಿನೇ ಹೆಚ್ಚುತ್ತದೆ.

ಆ ದಿನ ಮ್ಯಾಗಜೀನ್ ಹಾಕಿ ಸ್ಲೈಡ್ ಬಿಟ್ಟೆ. ಬೆರಳು ಟ್ರಿಗರಿನಿಂದ ಹೊರಗೆ, ಫ್ರೇಮಿನ ಮೇಲೆ ಚಾಚಿಕೊಂಡಿತ್ತು. ಸ್ಲೈಡ್ ಮುಚ್ಚಿದ ಸದ್ದಿನ ಬೆನ್ನಿಗೇ ಇನ್ನೊಂದು ಸಣ್ಣ 'ಟಕ್' ಕೇಳಿಸಿತು. ನೋಡಿದರೆ, ಪೂರ್ತಿ ಹಿಂದಕ್ಕೆ ಬಾಗಿರಬೇಕಿದ್ದ ಹ್ಯಾಮರ್ ಮುಂದಕ್ಕೆ ಬಂದು ಅದನ್ನು ಅರ್ಧದಲ್ಲೇ ತಡೆಯುವ ಹಾಫ್-ಕಾಕ್ ಕಚ್ಚಿನಲ್ಲಿ ನಿಂತಿತ್ತು. ಒಳಗೆ ಜೀವಂತ ಗುಂಡು. ಆ ಕಚ್ಚೂ ಹಿಡಿಯದಿದ್ದರೆ ಗುಂಡು ತಾನಾಗಿ ಹಾರಬಹುದು. ಒಂದೇ ಎಳೆತಕ್ಕೆ ಎರಡು ಗುಂಡು ಹೋಗುವುದೂ ಇದೇ ದೋಷದಿಂದ. ಎರಡನೆಯದು ಹೋಗುವ ಹೊತ್ತಿಗೆ ಪಿಸ್ತೂಲು ಒದೆತಕ್ಕೆ ಮೇಲೆದ್ದಿರುತ್ತದೆ, ಅದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಕೊಡಗಿನಲ್ಲಿ ಕೋವಿ ಇರುವ ಮನೆಯಲ್ಲಿ ಬೆಳೆದವನು ನಾನು. ನಳಿಗೆ ಯಾವತ್ತೂ ಮನುಷ್ಯರತ್ತ ತಿರುಗಬಾರದು ಎಂದು ಅಜ್ಜ ಬೈದು ಕಲಿಸಿದ್ದರು. ನಳಿಗೆ ಗುರಿಹಲಗೆಯ ಕಡೆಗೇ ಇತ್ತು. ರೇಂಜಿನವರು ಬಂದು ನೋಡಿ, ಇನ್ನು ಇದನ್ನು ಲೋಡ್ ಮಾಡಬೇಡಿ ಎಂದರು.

ಅಂಗಡಿಗೆ ಹೋದರೆ ಮಾತಿನ ಧಾಟಿಯೇ ಬದಲಾಗಿತ್ತು. ನೀವು ಖಾಲಿ ಚೇಂಬರಿನ ಮೇಲೆ ಸ್ಲೈಡ್ ಬಿಟ್ಟಿರಬೇಕು, ಅದರಿಂದ ಸಿಯರ್ ಹಾಳಾಗಿದೆ ಎಂದರು. ಹಾಗೆ ಬಿಡಬಾರದು ಎನ್ನುವುದು ನಿಜ, ನಾನು ಬಿಟ್ಟಿರಲಿಲ್ಲ ಎನ್ನುವುದೂ ನಿಜ. ಒಮ್ಮೆ ಗುಂಡು ಹೊಡೆದ ಮೇಲೆ ವಾಪಸ್ ಇಲ್ಲ ಎಂದು ರಸೀದಿ ತೋರಿಸಿದರು. ತಯಾರಕರಿಗೆ ಕಳಿಸಿದ್ದಾಯಿತು. ತಿಂಗಳುಗಟ್ಟಲೆ ಇಟ್ಟುಕೊಂಡು, 'ಪರೀಕ್ಷಿಸಿದ್ದೇವೆ, ಅಳತೆಯೊಳಗಿದೆ' ಎಂಬ ಒಂದು ಸಾಲಿನ ಚೀಟಿಯೊಂದಿಗೆ ಹಿಂದಿರುಗಿಸಿದರು. ರೇಂಜಿನಲ್ಲಿ ಮತ್ತೆ ಅದೇ 'ಟಕ್'.

ಕೊನೆಗೆ ಹೊರಗಿನ ಗನ್‌ಸ್ಮಿತ್ ಒಬ್ಬರು ಅದನ್ನು ಬಿಚ್ಚಿ, ಭೂತಗನ್ನಡಿ ನನ್ನ ಕೈಗೇ ಕೊಟ್ಟು ತೋರಿಸಿದರು. ಹ್ಯಾಮರಿಗೆ ಎರಡು ಕೊಕ್ಕೆ. ಸವೆತದ ಹೊಳಪು ಇದ್ದದ್ದು ಒಂದರ ಮೇಲೆ ಮಾತ್ರ. ಇನ್ನೊಂದರಲ್ಲಿ ಫಿನಿಶ್ ಹಾಗೇ ಉಳಿದಿತ್ತು, ಸಿಯರ್ ಅದನ್ನು ಮುಟ್ಟಿಯೇ ಇರಲಿಲ್ಲ. ಸಾಲದೆಂಬಂತೆ ಟ್ರಿಗರ್ ಹಗುರವಾಗಲೆಂದು ಸಿಯರಿನ ಸ್ಪ್ರಿಂಗನ್ನು ಬಗ್ಗಿಸಿ ಬಲ ಕಳೆದಿದ್ದರು. ಅಂಗಡಿಯಲ್ಲಿ ನಾನು ಮೆಚ್ಚಿದ ಮೂರೂವರೆ ಪೌಂಡಿನ ಟ್ರಿಗರ್ ಬಂದದ್ದು ಹೀಗೆ. ಹ್ಯಾಮರ್, ಸಿಯರ್, ಸ್ಪ್ರಿಂಗ್ ಮೂರನ್ನೂ ಬದಲಿಸಿದ ಮೇಲೆ ಎಳೆತ ನಾಲ್ಕೂವರೆ ಪೌಂಡಿಗೆ ಬಂದಿದೆ, ಆಮೇಲೆ ಹ್ಯಾಮರ್ ಬಿದ್ದಿಲ್ಲ. ಖರ್ಚು ನನ್ನದೇ. ಬೇರೆಯವರು ಬಿಚ್ಚಿದ್ದರಿಂದ ವಾರಂಟಿ ಮುಗಿಯಿತು ಎಂದು ತಯಾರಕರು ಬರೆದು ಕಳಿಸಿದರು.

ಒಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಟೋಸ್ಟರ್ ಕೆಟ್ಟದ್ದಿದ್ದರೆ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿರಿ ಎಂದು ಹೇಳಲು ಇಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವಿದೆ. ಬಂದೂಕು, ಪಿಸ್ತೂಲುಗಳನ್ನು ಕಾನೂನೇ ಆ ಆಯೋಗದ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತಯಾರಕ ತಾನಾಗಿ ಒಪ್ಪಿಕೊಂಡರೆ ಉಂಟು, ಇಲ್ಲವಾದರೆ ವಕೀಲರ ದಾರಿ. ಹಾಗಾಗಿ ವಾರಂಟಿಯ ಮಾತನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ: ದೋಷ ಬಂದರೆ ಕಳಿಸುವ ಖರ್ಚು ಯಾರದು, ಎರಡನೇ ಸಲವೂ ಸರಿಹೋಗದಿದ್ದರೆ ಹಣ ವಾಪಸ್ ಉಂಟೇ, ಹ್ಯಾಮರ್ ಮತ್ತು ಸಿಯರ್ ಯಾವ ಬಗೆಯವು. ಸಾಗಣೆ ಖರ್ಚು ಸಣ್ಣದೇನಲ್ಲ.

ಕೌಂಟರಿನಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅಂಗಡಿಯವರನ್ನು ಕೇಳಿ, ಚೇಂಬರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು ಹ್ಯಾಮರ್ ಎತ್ತಿ, ಹೆಬ್ಬೆರಳಿನಿಂದ ಹಾಕುವ ಥಂಬ್ ಸೇಫ್ಟಿ ಹಾಕಿ. ಟ್ರಿಗರನ್ನು ಬಲವಾಗಿ ಒತ್ತಿ ಬಿಡಿ. ಈಗ ಸೇಫ್ಟಿ ತೆಗೆಯಿರಿ, ಹ್ಯಾಮರ್ ಬೀಳಬಾರದು. ಬೀಳಲಿಲ್ಲವೆಂದು ಸುಮ್ಮನಾಗದೆ, ಹ್ಯಾಮರನ್ನು ಹೆಬ್ಬೆರಳಿನಿಂದ ತುಸು ಹಿಂದಕ್ಕೆ ಎಳೆದು ಕಿವಿಗೊಡಿ. ಸಣ್ಣ 'ಟಿಕ್' ಕೇಳಿದರೆ, ಸೇಫ್ಟಿ ಹಾಕಿದ್ದರೂ ಸಿಯರ್ ಜಾಗ ಬಿಟ್ಟು ಸರಿದಿತ್ತು ಎಂದರ್ಥ. ಅಂಥ ಪಿಸ್ತೂಲನ್ನು ಅಲ್ಲೇ ಬಿಟ್ಟು ಬನ್ನಿ, ಚೆಕರಿಂಗ್ ಎಷ್ಟೇ ಚೆನ್ನಾಗಿರಲಿ. ಮನೆಯ ರಕ್ಷಣೆಗೆ ಇಟ್ಟುಕೊಳ್ಳುವ 1911ಗೆ ನಾಲ್ಕು ಪೌಂಡಿಗಿಂತ ಹಗುರದ ಟ್ರಿಗರ್ ಬೇಡವೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೊಸದಾಗಿ ಬಂದ ಹುಡುಗರಿಗೆ ಇನ್ನೊಂದು ಮಾತು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಹೊಂದುವುದು ಫೆಡರಲ್ ಕಾನೂನಿನಡಿ ಅಪರಾಧ. ಬೇಟೆ ಲೈಸೆನ್ಸ್ ಇರುವಂಥ ಕೆಲವೇ ವಿನಾಯಿತಿಗಳಿವೆ. ಅಂಗಡಿಯವರ ಮಾತು ಕೇಳಿ ಮುಂದುವರಿಯಬೇಡಿ, ವಲಸೆ ವಕೀಲರನ್ನು ಕೇಳಿ.

ಬೆಲೆಯ ವಿಚಾರಕ್ಕೆ ಬಂದರೆ, ನನ್ನ ಪಿಸ್ತೂಲಿಗೆ ಅದೇ ಅಂಗಡಿಯವರು ಈಗ ಕೊಡುತ್ತೇವೆ ಎನ್ನುತ್ತಿರುವುದು ನಾನು ಕೊಟ್ಟದ್ದರ ಅರ್ಧಕ್ಕೂ ಕಡಿಮೆ. ಒಳಗಿನ ಭಾಗಗಳು ಮೂಲದವಲ್ಲ ಎನ್ನುವುದು ಅವರ ಕಾರಣ. ಸಾವಿರದ ಆಸುಪಾಸಿನ ಫ್ಯಾಕ್ಟರಿ 1911 ಕೊಂಡು, ಬಲ್ಲ ಗನ್‌ಸ್ಮಿತ್ ಕೈಯಲ್ಲಿ ಹ್ಯಾಮರ್-ಸಿಯರ್ ಕೆಲಸ ಮಾಡಿಸಿ, ಉಳಿದ ಹಣವನ್ನು ಗುಂಡಿಗೂ ತರಬೇತಿಗೂ ಹಾಕುವುದು ಮೇಲು. ಆಗ ಕೆಲಸ ಮಾಡಿದವರು ಯಾರೆಂದಾದರೂ ನಿಮಗೆ ಗೊತ್ತಿರುತ್ತದೆ, ಏನಾದರೂ ಕೆಟ್ಟರೆ ಅವರೆದುರೇ ಬಿಚ್ಚಿಸಿ ನೋಡಬಹುದು.