ಹೆಂಪ್ ಎಣ್ಣೆ, ವಿಜಯಾ ಕ್ರೀಮ್: ವಿಜಯಪುರದ ಒಣ ಹವೆಯಲ್ಲಿ ವರ್ಷದ ಮೇಲೆ ಬಳಸಿ ಬರೆದದ್ದು

ಮೊದಲು ಹೆಂಪ್ (ಗಾಂಜಾ ಜಾತಿಯ ಗಿಡ) ಬೀಜದ ಎಣ್ಣೆಗೆ ಅಂಕ ಕೊಟ್ಟುಬಿಡುತ್ತೇನೆ. ಒಣ ಚರ್ಮಕ್ಕೆ ಐದಕ್ಕೆ 4. ತಲೆಹೊಟ್ಟಿಗೆ 1. ಕೂದಲು ಉದುರುವುದಕ್ಕೆ ಸೊನ್ನೆ. ಬೆಲೆಗೆ ಎಷ್ಟು ಅನ್ನೋದನ್ನು ಪೂರ್ತಿ ಓದಿ ನೀವೇ ಹೇಳಿ.

ನನಗೆ ಮೊಣಕಾಲಿನ ಕೆಳಗೆ ಇಸಬು ಇದೆ, ಚಿಕ್ಕಂದಿನಿಂದಲೂ. ದೀಪಾವಳಿ ಕಳೆದು ಥಂಡಿ ಶುರುವಾಯಿತೆಂದರೆ ಕಾಲು ಬಿರಿಯುತ್ತದೆ, ರಾತ್ರಿಯೆಲ್ಲ ತುರಿಕೆ. ನಮ್ಮ ಮನೆಗೆ ಬರುವುದು ಬೋರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವಷ್ಟು ಗಡಸು. ಮೇಲಿಂದ ತಲೆಯಲ್ಲಿ ಹೊಟ್ಟು ಬೇರೆ. ಹಾಗಾಗಿ ಹೆಂಪ್ ಬೀಜದ ಎಣ್ಣೆ ತರಿಸಿದೆ. ಕೆಲವು ತಿಂಗಳಾದ ಮೇಲೆ ವಿಜಯಾ (ಆಯುರ್ವೇದದಲ್ಲಿ ಅದೇ ಗಿಡದ ಹೆಸರು) ಎಲೆಯ ಸಾರ ಇರುವ ಕ್ರೀಮನ್ನೂ ತೆಗೆದುಕೊಂಡೆ. ಕಂಪನಿ ಹೆಸರು ಹೇಳುವುದಿಲ್ಲ. ಎಣ್ಣೆಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ.

ಪಾರ್ಸೆಲ್ ಬಿಚ್ಚಿದಾಗ ಡಬ್ಬಿ ಮೇಲಿನ ಎಲೆ ಚಿತ್ರ ನೋಡಿ ನಮ್ಮ ಅತ್ತೆ ಕೇಳಿದ್ದು: "ಏನವಾ, ಗಾಂಜಾ ಎಣ್ಣಿ ತಲಿಗೆ ಹಚ್ಕೊಂಡ್ರ ತಲಿ ತಿರಗೂದಿಲ್ಲೇನು? ಪೊಲೀಸ್ರು ಬಂದ್ರ ನಾ ಏನ್ ಹೇಳ್ಲಿ?" ನೀವೂ ಅದನ್ನೇ ಕೇಳುತ್ತೀರಿ, ಅದಕ್ಕೇ ಹೇಳಿಬಿಡುತ್ತೇನೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬೀಜ ಮತ್ತು ಎಲೆ ಅದರಲ್ಲಿ ಬರುವುದಿಲ್ಲ. ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2021ರಲ್ಲಿ ನಿಯಮ ಮಾಡಿತು. ಅಮಲು ತರುವ ಟಿಎಚ್‌ಸಿ ಒಂದು ಕಿಲೋ ಎಣ್ಣೆಯಲ್ಲಿ 10 ಮಿಲಿಗ್ರಾಂ ದಾಟುವಂತಿಲ್ಲ. ಹಚ್ಚಿಕೊಂಡರೆ ತಲೆ ತಿರುಗುವ ಮಾತೇ ಇಲ್ಲ. ಲೈಸೆನ್ಸ್ ಇಲ್ಲದೆ ಹಿತ್ತಲಲ್ಲಿ ಗಿಡ ಹಾಕಿದರೆ ಮಾತ್ರ ಕೇಸು ಗ್ಯಾರಂಟಿ.

ಈಗ ಎಣ್ಣೆ. ಬಣ್ಣ ದಟ್ಟ ಹಸಿರು, ಹಸಿ ಹುಲ್ಲು ಜಜ್ಜಿದಂಥ ವಾಸನೆ. ಸ್ನಾನ ಮಾಡಿ ಮೈ ಇನ್ನೂ ಹಸಿ ಇರುವಾಗಲೇ ಅಂಗೈಗೆ ಸ್ವಲ್ಪ ಹನಿ ಹಾಕಿ ಕಾಲಿಗೆ ಸವರಬೇಕು. ಕೊಬ್ಬರಿ ಎಣ್ಣೆಯ ಹಾಗೆ ಮೇಲೇ ಜಿಡ್ಡಾಗಿ ನಿಲ್ಲುವುದಿಲ್ಲ, ಸೀರೆ ಉಡುವಷ್ಟರಲ್ಲಿ ಒಳಗೆ ಹೋಗಿರುತ್ತದೆ. ಬಿಳಿ ಹೊಟ್ಟು ಏಳುವುದು ಮೊದಲ ವಾರದಲ್ಲೇ ಕಡಿಮೆಯಾಯಿತು. ತುರಿಕೆ ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ಎಚ್ಚರವಾಗುವುದು ನಿಂತಿತು. ರಕ್ತ ಬರುವ ಹಾಗೆ ಬಿರಿದ ಜಾಗಕ್ಕೆ ಹಚ್ಚಲಿಲ್ಲ. ಅಲ್ಲಿಗೆ ಚರ್ಮದ ಡಾಕ್ಟರು ಕೊಟ್ಟ ಮುಲಾಮೇ. ಇನ್ನೊಂದು, ತಿಳಿ ಬಣ್ಣದ ಹಾಸಿಗೆ ಹೊದಿಕೆ ಇದ್ದರೆ ಮರೆತುಬಿಡಿ, ಹಸಿರು ಕಲೆ ಹೋಗುವುದಿಲ್ಲ.

ಇದರಲ್ಲಿ ಕೆಲಸ ಮಾಡುವುದು ಯಾವುದು? ಜಾಹೀರಾತು ನೋಡಿದರೆ ಸಿಬಿಡಿ (ಇದೇ ಗಿಡದ, ಅಮಲು ತರದ ಅಂಶ) ಅನ್ನಿಸುತ್ತದೆ. ಅಲ್ಲ. ಸಿಬಿಡಿ ಇರುವುದು ಹೂವು ಮತ್ತು ಎಲೆಯ ಮೇಲಿನ ಅಂಟು ಗ್ರಂಥಿಗಳಲ್ಲಿ. ಬೀಜದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನೋಲಿಕ್ ಆಮ್ಲ, ಅಂದರೆ ಒಮೆಗಾ 6. ಐದರಲ್ಲಿ ಒಂದು ಪಾಲಿನಷ್ಟು ಒಮೆಗಾ 3. ಚರ್ಮದ ಮೇಲ್ಪದರ ನೀರು ಹಿಡಿದಿಟ್ಟುಕೊಳ್ಳಲು ಲಿನೋಲಿಕ್ ಆಮ್ಲ ಬೇಕೇ ಬೇಕು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹೊಲದ ಕುಸುಬಿ. ನಮ್ಮ ಕಡೆಯ ಹಳೇ ತಳಿ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಂಪಿಗಿಂತಲೂ ಜಾಸ್ತಿ. ಒಮೆಗಾ 3 ಬೇಕೆಂದರೆ ಅಗಸಿ ಚಟ್ನಿ ಪುಡಿ ಪ್ರತಿ ಮನೆಯಲ್ಲೂ ಇದೆ, ಅಲ್ವಾ?

ಹಾಗಾಗಿ ಎರಡನೇ ಥಂಡಿಯಲ್ಲಿ ಎಡಗಾಲಿಗೆ ಹೆಂಪ್, ಬಲಗಾಲಿಗೆ ಗಾಣದಿಂದ ತಂದ ಕುಸುಬಿ ಎಣ್ಣೆ ಹಚ್ಚಿದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ನನ್ನ ಅಕ್ಕನಿಗೆ ಎರಡೂ ಕಾಲು ತೋರಿಸಿ "ಯಾವುದು ಚಲೋ ಐತಿ ಹೇಳಕ್ಕಾ" ಅಂದೆ. ತಿರುಗಿಸಿ ಮುರುಗಿಸಿ ನೋಡಿ, "ಎರಡೂ ಒಂದ ನಮೂನಿ ಅದಾವ" ಅಂದಳು. ನನಗೂ ಫರಕು ಕಾಣಲಿಲ್ಲ. ಕುಸುಬಿ ಸ್ವಲ್ಪ ಜಿಡ್ಡು ಜಾಸ್ತಿ, ಅಷ್ಟೇ. ಹೆಂಪ್ ಎಣ್ಣೆ 100 ಎಂಎಲ್ ಸೀಸೆಗೆ ನಾನು ಕೊಟ್ಟದ್ದು 500 ರೂಪಾಯಿ ಆಸುಪಾಸು. ಅದೇ ದುಡ್ಡಿಗೆ ಗಾಣದ ಕುಸುಬಿ ಎಣ್ಣೆ ಒಂದು ಲೀಟರ್ ಬಂದು ಚಿಲ್ಲರೆ ಉಳಿಯುತ್ತದೆ.

ತಿನ್ನುವುದಕ್ಕೆ ಮಾತ್ರ ಹೆಂಪ್ ಪರವಾಗಿ ಒಂದು ಸಾಕ್ಷಿ ಇದೆ. 2005ರಲ್ಲಿ ಫಿನ್ಲೆಂಡಿನಲ್ಲಿ ಇಸಬು ಇರುವ 20 ಜನರಿಗೆ ದಿನಕ್ಕೆ 30 ಎಂಎಲ್ ಹೆಂಪ್ ಎಣ್ಣೆ ಕುಡಿಸಿ, ಆಲಿವ್ ಎಣ್ಣೆ ಜೊತೆ ಹೋಲಿಸಿದರು. ಒಣಗುವುದು, ತುರಿಕೆ ಕಡಿಮೆಯಾಯಿತು. ಸಣ್ಣ ಅಧ್ಯಯನ, ಆದರೂ ಇದೆ. ನಾನು ರೊಟ್ಟಿ ಜೊತೆ ಶೇಂಗಾ ಹಿಂಡಿಗೆ ಒಂದೆರಡು ಚಮಚ ಹಾಕಿಕೊಂಡು ತಿಂದೆ. ರುಚಿ ಪರವಾಗಿಲ್ಲ. ಒಗ್ಗರಣೆಗೆ ಬಳಸಬೇಡಿ, ಕಾಯಿಸಿದರೆ ಕೆಡುತ್ತದೆ.

ತಲೆಗೆ ಹಚ್ಚಿದ ಕಥೆ ಬೇರೆ. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದರೆ ಹೊಟ್ಟು ಇನ್ನೂ ದಪ್ಪ ದಪ್ಪ ಎದ್ದಿತು. ಡಾಕ್ಟರು ಕಾರಣ ಹೇಳಿದರು: ಹೊಟ್ಟಿಗೆ ಕಾರಣವಾಗುವ ಮಲಾಸೀಜಿಯಾ ಅನ್ನುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಹೆಂಪ್ ಆದರೇನು, ಕೊಬ್ಬರಿ ಆದರೇನು. ಕೀಟೋಕೊನಜೋಲ್ ಶಾಂಪೂ ಬರೆದುಕೊಟ್ಟರು, ಅದರಿಂದ ಹತೋಟಿಗೆ ಬಂತು. ಕೂದಲಿನ ತುದಿಗೆ ಸವರಿದರೆ ಸಿಕ್ಕು ಬಿಡಿಸಲು ಸುಲಭ, ಅಷ್ಟು ಮಾತ್ರ ಒಪ್ಪುತ್ತೇನೆ.

ಕೂದಲು ಬೆಳೆಯುತ್ತದೆ ಅನ್ನುವವರು 2021ರ ಒಂದು ವರದಿ ತೋರಿಸುತ್ತಾರೆ. ಸಿಬಿಡಿ ಇರುವ ಹೆಂಪ್ ಸಾರವನ್ನು 35 ಜನ ಆರು ತಿಂಗಳು ತಲೆಗೆ ಹಚ್ಚಿದರು, ಕೂದಲು ಹೆಚ್ಚಿತು ಅಂತ. ಅದರಲ್ಲಿ ಹೋಲಿಸಿ ನೋಡಲು ಸಾರ ಹಚ್ಚದ ಗುಂಪೇ ಇರಲಿಲ್ಲ. ಇನ್ನೊಂದು ಕಡೆ, 2007ರಲ್ಲಿ ಪ್ರಯೋಗಾಲಯದಲ್ಲಿ ಮನುಷ್ಯರ ಕೂದಲ ಬುಡಗಳಿಗೆ ಟಿಎಚ್‌ಸಿ ಹಾಕಿದಾಗ ಬೆಳವಣಿಗೆ ಕುಂಠಿತವಾಗಿತ್ತು. ಅಂದರೆ ಯಾವ ಅಂಶ, ಎಷ್ಟು ಪ್ರಮಾಣ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೀಜದ ಎಣ್ಣೆಗೂ ಈ ಎರಡಕ್ಕೂ ಸಂಬಂಧವೇ ಇಲ್ಲ.

ವಿಜಯಾ ಕ್ರೀಮು ಸುಮ್ನೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ನಾನು ಆಯುರ್ವೇದ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಚೀಟಿ ಬರೆಸಿಕೊಂಡೆ. ಇದರಲ್ಲಿ ಎಲೆಯ ಸಾರ ಇರುವುದರಿಂದ ಸಿಬಿಡಿ, ಟಿಎಚ್‌ಸಿ ಎರಡೂ ಬರುತ್ತವೆ. ಇದರ ಹಿಂದೆ ವಿಜ್ಞಾನ ಇಲ್ಲದೇ ಇಲ್ಲ. ನಮ್ಮ ಚರ್ಮದ ಕೋಶ, ಜಿಡ್ಡಿನ ಗ್ರಂಥಿ, ನರದ ತುದಿ ಎಲ್ಲದರಲ್ಲೂ ಇಂಥ ಅಂಶಗಳನ್ನು ಗುರುತಿಸುವ ಗ್ರಾಹಕಗಳಿವೆ. 2014ರಲ್ಲಿ ಹಂಗೇರಿಯ ಸಂಶೋಧಕರು ಜಿಡ್ಡಿನ ಗ್ರಂಥಿಯ ಕೋಶಗಳ ಮೇಲೆ ಸಿಬಿಡಿ ಹಾಕಿ ನೋಡಿದರು. ಜಿಡ್ಡೂ ಕಡಿಮೆ, ಉರಿಯೂತವೂ ಕಡಿಮೆ. ಮೊಡವೆ ಔಷಧಿಯ ಆಸೆ ಹುಟ್ಟಿದ್ದೇ ಅಲ್ಲಿಂದ. ಆದರೆ ಅದು ಪ್ರಯೋಗಾಲಯದ ಕೋಶ, ನನ್ನ ಕಾಲಲ್ಲ. ನನಗೆ ತುರಿಕೆ ಹತ್ತಿದ ಕೂಡಲೇ ಹಚ್ಚಿದರೆ ತಣ್ಣಗಾಗುತ್ತಿತ್ತು. ಅದರಲ್ಲಿ ಕರ್ಪೂರದ ಘಾಟು ಬೇರೆ ಇತ್ತು, ತಣ್ಣಗೆ ಮಾಡಿದ್ದು ಅದೋ ಇದೋ ಹೇಳಲಾರೆ. ಎರಡನೇ ಡಬ್ಬಿ ತರಿಸಲಿಲ್ಲ.

ದೊಡ್ಡ ದೂರು ಒಂದೇ, ಅದು ಬೇಸಿಗೆಯದು. ಮೇ ತಿಂಗಳಲ್ಲಿ ತರಿಸಿದ ಸೀಸೆ ಬರುವಾಗಲೇ ಕಮಟು ವಾಸನೆ ಹೊಡೆಯುತ್ತಿತ್ತು. ನಮ್ಮೂರಿನ ಬಿಸಿಲಲ್ಲಿ ಕೊರಿಯರ್ ಗಾಡಿಯೊಳಗೆ ಕೂತು ಬಂದರೆ ಇನ್ನೇನಾಗುತ್ತದೆ? ಮಾರಿದವರು "ಅದು ಸಹಜ ವಾಸನೆ ಮೇಡಂ" ಅಂತ ಹೇಳಿ ದುಡ್ಡು ವಾಪಸ್ ಕೊಡಲಿಲ್ಲ. ಸಹಜ ವಾಸನೆ ಹುಲ್ಲಿನದ್ದು. ಹಳೇ ಪೇಂಟ್ ಡಬ್ಬಿ ತೆಗೆದ ಹಾಗೆ ಬಂದರೆ ಕೆಟ್ಟಿದೆ ಅಂತಲೇ ಅರ್ಥ, ಮೈಗೂ ಹಚ್ಚಬೇಡಿ. ತರಿಸಲೇಬೇಕೆಂದರೆ ನವೆಂಬರ್‌ನಿಂದ ಜನವರಿ ಒಳಗೆ ತರಿಸಿ. ಕಪ್ಪು ಗಾಜಿನ ಸೀಸೆ, ಎಣ್ಣೆ ತೆಗೆದ ತಾರೀಖು ಎರಡೂ ನೋಡಿ. ಸೀಲ್ ಒಡೆದ ಮೇಲೆ ಫ್ರಿಡ್ಜಿನ ಬಾಗಿಲಲ್ಲಿಡಿ. ನಮ್ಮ ಮನೆಯಲ್ಲಿ ಅದರ ಮೇಲೆ ದೊಡ್ಡದಾಗಿ "ಅಡುಗೆಗಲ್ಲ" ಅಂತ ಚೀಟಿ ಅಂಟಿಸಿದ್ದೇನೆ. ಅತ್ತೆ ಆ ಕಡೆಯ ಮೊಸರಿನ ಪಾತ್ರೆಯನ್ನೂ ಮುಟ್ಟುವುದಿಲ್ಲ.