ಮರಿ ಹಾಕಿಸುವ ಮುನ್ನ ಇಲ್ಲಿ ತೋರಿಸಿ

ಕುವೆಂಪುನಗರದ ಈ ಪಶುವೈದ್ಯರ ಕ್ಲಿನಿಕ್ಕಿಗೆ ಐದಕ್ಕೆ ಐದು ಸ್ಟಾರ್. ನಮ್ಮ ಲ್ಯಾಬ್ರಡಾರ್ ಚಿನ್ನಿಗೆ ಒಂದ್ಸಲ ಮರಿ ಹಾಕಿಸೋಣ ಅಂತ ವಿಚಾರಿಸಲು ಹೋಗಿದ್ದೆವು. ಡಾಕ್ಟರಮ್ಮ ಬ್ರುಸೆಲ್ಲಾ (ನಾಯಿಗಳಲ್ಲಿ ಗರ್ಭಪಾತ ತರುವ ಸೋಂಕು) ರಕ್ತಪರೀಕ್ಷೆ ಮಾಡಿಸಿ, ಮಂಪರಿನ ಇಂಜೆಕ್ಷನ್ ಕೊಟ್ಟು ಸೊಂಟದ ಎಕ್ಸ್‌ರೇ ತೆಗೆಸಿದರು. ಎಡತೊಡೆ ಮೂಳೆಯ ಗುಂಡುತಲೆ ಗುಳಿಯೊಳಗೆ ಪೂರ್ತಿ ಕೂತಿಲ್ಲದ್ದನ್ನು ಪೆನ್ನಿನ ತುದಿಯಲ್ಲಿ ತೋರಿಸಿ, "ಇದು ಮರಿಗಳಿಗೂ ಬರಬಹುದು, ಬೇಡಮ್ಮ" ಅಂದರು. ಸುಮಾರು 63 ದಿನದ ಗರ್ಭ, ಮರಿ ಸಿಕ್ಕಿಕೊಂಡರೆ ರಾತ್ರೋರಾತ್ರಿ ಸಿಸೇರಿಯನ್, ಹಾಲೂಡಿಸುವಾಗ ಕ್ಯಾಲ್ಸಿಯಂ ಕುಸಿದು ಬರುವ ನಡುಕ, ಎಲ್ಲವನ್ನೂ ಬಿಡಿಸಿ ಹೇಳಿದರು. 8 ವಾರ ತುಂಬದ ಮರಿ ಮಾರುವಂತಿಲ್ಲ ಎಂಬ 2017ರ ಕೇಂದ್ರ ನಿಯಮವನ್ನೂ ತಿಳಿಸಿದರು. ಒಂದು ಸೂಲಾದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನೋದಕ್ಕೆ ಆಧಾರವೇ ಇಲ್ಲವಂತೆ. ಅಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡು ಬಂದೆವು. ಭಾನುವಾರ ವಿಪರೀತ ರಷ್, ವಾರದ ದಿನ ಹೋಗಿ.