ದಿನಕ್ಕೊಂದು ಅಪ್ಪನ ಜೋಕು: ಮೇಜಿನ ಕ್ಯಾಲೆಂಡರಿನ ವಿಮರ್ಶೆ

ಮೆರಿಯಂ-ವೆಬ್‌ಸ್ಟರ್ ನಿಘಂಟಿಗೆ 2019ರಲ್ಲಷ್ಟೇ ಸೇರ್ಪಡೆಯಾದ ‘ಡ್ಯಾಡ್ ಜೋಕ್’ಗೆ ಮೀಸಲಾದ ಈ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹಾಳೆ, ಹಾಳೆಗೊಂದು ಶ್ಲೇಷೆ ಇದೆ. “ಅಪ್ಪಾ, ಹೊತ್ತಾಯಿತು” ಎಂದು ಮಗಳು ಅವಸರಿಸಿದರೆ, “ಹೊತ್ತಾಯಿತಲ್ಲ, ಇನ್ನು ಕೆಳಗಿಳಿಸು” ಎಂದು ಅಪ್ಪ ಮುಖದ ಗೆರೆಯೂ ಅಲುಗದಂತೆ ಉತ್ತರಿಸುತ್ತಾನೆ. ಪದದ ಎರಡು ಅರ್ಥಗಳಲ್ಲಿ ಬೇಡದ್ದನ್ನೇ ಬೇಕೆಂದು ಹಿಡಿಯುವ ಈ ಜಾಣಪೆದ್ದುತನಕ್ಕೆ ಕೇಳುಗರ ನಗುವಿಗಿಂತ ಅವರ ನರಳಾಟವೇ ದೊಡ್ಡ ಬಹುಮಾನ. ಯಾರನ್ನೂ ಹೀಯಾಳಿಸದಿರುವುದರಿಂದ ಮಕ್ಕಳೆದುರು ಧೈರ್ಯವಾಗಿ ಓದಬಹುದು. ಆದರೆ ಉತ್ತರವನ್ನು ಹಾಳೆಯ ಹಿಂಬದಿಗೆ ಹಾಕದೆ ಪ್ರಶ್ನೆಯ ಕೆಳಗೇ ಅಚ್ಚುಹಾಕಿರುವುದನ್ನು ಒಪ್ಪಲಾಗದು, ಏಕೆಂದರೆ ಇಂಥ ಜೋಕಿನ ಜೀವವೆಲ್ಲ ನಡುವಿನ ಆ ಒಂದು ಕ್ಷಣದ ಮೌನದಲ್ಲಿದೆ. ಡಿಸೆಂಬರಿನಲ್ಲಿ ಕೆಲವು ಜೋಕುಗಳು ಮರುಕಳಿಸಿವೆ. ಅಪ್ಪಂದಿರೂ ಹಾಗೆಯೇ ಮಾಡುವುದರಿಂದ ಅದನ್ನು ದೋಷವೆನ್ನಲಾರೆ.